ಆಂತೋನಿಯಸ್‌ನಿಂದ ಅಂತೋಣಪ್ಪನವರೆಗೆ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಸೋಮನಾಥಪುರವೆಂಬ ಊರಿದೆ. ಅಲ್ಲಿಯ ಕೇಶವ ದೇವಾಲಯವನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು 1258ರಲ್ಲಿ ಆ ದೇವಾಲಯವನ್ನು ಕಟ್ಟಿಸಿದನು. ಅವನ ಹೆಸರೇ ಊರಿಗೆ ಬಂದಿತು. ದಂಡನಾಯಕನ ದಂಡು ಹೋಯಿತು, ಅವನು ಸೇವಿಸಿದ ರಾಜ್ಯ ಹೋಯಿತು. ಹೆಸರು ಮಾತ್ರ ಊರಾಗಿ ನಿಂತಿದೆ.

ಹೆಸರು ಹೀಗೆ ವ್ಯಕ್ತಿಯಿಂದ ಊರಿಗೆ ಹೋಗುವುದುಂಟು. ಊರಿನಿಂದ ವ್ಯಕ್ತಿಗೆ ಮರಳಿ ಬರುವುದೂ ಉಂಟು. ಪಕ್ಕದ ನಂಜನಗೂಡನ್ನೇ ನೋಡಿ. ನಂಜನ್ನು ಉಂಡ ದೇವರು ನಂಜುಂಡ. ಅವನ ಗುಡಿಯಿರುವ ಊರು ನಂಜನಗೂಡು. ಆ ಕ್ಷೇತ್ರದ ಮಹಿಮೆಯಿಂದ ಸುತ್ತಣ ಮನೆಗಳಲ್ಲಿ ನಂಜಪ್ಪ, ನಂಜಮ್ಮ, ನಂಜೇಗೌಡ, ನಂಜುಂಡಸ್ವಾಮಿಗಳು ಹುಟ್ಟಿದರು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆ ಈ ದೇವರ ಸೇವೆಯಿಂದ ವಾಸಿಯಾಯಿತೆಂದೂ ಆಗ ಸುಲ್ತಾನನು ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವಿದೆ. ಹಕೀಮ್ ಎಂಬುದು ಅರಬ್ಬೀ ಮಾತು. ವೈದ್ಯ ಎಂದು ಅರ್ಥ. ಅರಬ್ಬೀ ಮಾತೊಂದು ಕಪಿಲಾ ತೀರದ ದೇವರ ಹೆಸರಿಗೆ ಬಂದು ಕೂಡಿತು. ಹೆಸರುಗಳಿಗೆ ಗಡಿಯ ಕಟ್ಟು ಕಡಿಮೆ ಎಂಬುದಕ್ಕೆ ಇದೊಂದು ನಿದರ್ಶನ.

ಇಂಥ ಒಂದು ಹೆಸರಿನ ಯಾತ್ರೆಯನ್ನು ಈ ಪಾಠದಲ್ಲಿ ನೋಡೋಣ. ಅದು ಎರಡು ಸಾವಿರ ವರ್ಷಗಳಿಗೂ ಹಿಂದೆ ರೋಮ್ ನಗರದಲ್ಲಿ ಹೊರಟ ಹೆಸರು. ಈಜಿಪ್ಟಿನ ಮರಳುಗಾಡು, ಪೋರ್ಚುಗಲ್ಲಿನ ಕಡಲತೀರ, ಇಟಲಿಯ ಪಟ್ಟಣ ಇವುಗಳನ್ನೆಲ್ಲ ಹಾದು ಅದು ಕಾವೇರಿ ಬಯಲಿನ ಒಂದು ಹಳ್ಳಿಗೆ ಬಂದಿದೆ. ಹೊರಡುವಾಗ ಅದು ‘ಆಂತೋನಿಯಸ್’. ನಮ್ಮಲ್ಲಿಗೆ ಬಂದು ಸೇರಿದಾಗ ‘ಅಂತೋಣಪ್ಪ’.

ಆಂತೋನಿಯಸ್ ಎಂಬುದು ಲ್ಯಾಟಿನ್ ಭಾಷೆಯ ಹೆಸರು. ಲ್ಯಾಟಿನ್ ಪ್ರಾಚೀನ ರೋಮನರ ಭಾಷೆ. ಅದು ನಮಗೆ ತೀರ ಅಪರಿಚಿತವೆಂದು ತಿಳಿಯಬಾರದು. ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ದೂರದ ನಂಟಿದೆ. ಸಂಸ್ಕೃತದ ಪಿತೃ ಲ್ಯಾಟಿನ್ನಿನಲ್ಲಿ ‘ಪಾತೆರ್’, ಮಾತೃ ‘ಮಾತೆರ್’, ಸಪ್ತ ‘ಸೆಪ್ತೆಮ್’, ನವ ‘ನೊವೆಮ್’, ದಶ ‘ದೆಕೆಮ್’. ರೋಮನರ ವರ್ಷ ಹಿಂದೆ ಮಾರ್ಚಿಯಿಂದ ಮೊದಲಾಗುತ್ತಿದ್ದುದರಿಂದ ಏಳನೆಯ ತಿಂಗಳು ಸೆಪ್ಟೆಂಬರ್, ಒಂಬತ್ತನೆಯದು ನವೆಂಬರ್, ಹತ್ತನೆಯದು ಡಿಸೆಂಬರ್ ಎನಿಸಿದವು. ಲ್ಯಾಟಿನ್ನಿನಲ್ಲಿ ಹೆಸರಿಗೆ ‘ನೋಮೆನ್’ ಎನ್ನುತ್ತಾರೆ. ಅದು ನಮ್ಮ ‘ನಾಮ’ದ ಬಂಧುವೇ. ಲ್ಯಾಟಿನ್ನಿನಿಂದ ಹುಟ್ಟಿದ ಪೋರ್ಚುಗೀಸ್ ಭಾಷೆಯ ಮೂಲಕ ಚಾವಿ, ಅಲಮಾರು, ಪಾದ್ರಿ ಮೊದಲಾದ ಪದಗಳು ನಮ್ಮ ಮನೆಮಾತಿನೊಳಗೆ ಸೇರಿವೆ. ಅಲಮಾರಿಗೆ ಬೀಗ ಹಾಕಿ ಚಾವಿಯನ್ನು ಸೆರಗಿಗೆ ಕಟ್ಟಿಕೊಳ್ಳುವ ಅಜ್ಜಿಗೆ ಇವು ಪರದೇಶದ ಮಾತುಗಳೆಂಬ ಭಾವನೆಯೇ ಬರುವುದಿಲ್ಲ.

ರೋಮಿನಲ್ಲಿ ಆಂತೋನಿಯಸ್ ಎಂಬುದು ಒಬ್ಬನ ಹೆಸರಾಗಿರಲಿಲ್ಲ. ಅದು ಒಂದು ಮನೆತನದ ಹೆಸರು. ಅದರ ಮೂಲಾರ್ಥವನ್ನು ವಿದ್ವಾಂಸರು ಇಂದಿಗೂ ನಿಶ್ಚಯಿಸಿಲ್ಲ. ಆ ಮನೆತನದಲ್ಲಿ ಹುಟ್ಟಿ ಲೋಕಪ್ರಸಿದ್ಧನಾದವನು ಮಾರ್ಕಸ್ ಆಂತೋನಿಯಸ್; ಷೇಕ್ಸ್‌ಪಿಯರನ ನಾಟಕಗಳ ಮಾರ್ಕ್ ಆಂಟನಿ ಇವನೇ. ಜೂಲಿಯಸ್ ಸೀಸರನ ಕೊಲೆಯಾದ ಬಳಿಕ ರೋಮಿನ ಅಧಿಕಾರವನ್ನು ಹಂಚಿಕೊಂಡ ಮೂವರಲ್ಲಿ ಇವನೊಬ್ಬ. ಕ್ರಿಸ್ತಪೂರ್ವ 31ರ ಆಕ್ಟಿಯಮ್ ಕದನದಲ್ಲಿ ಸೋತು, ಮರುವರ್ಷ ಈಜಿಪ್ಟಿನಲ್ಲಿ ತನ್ನ ಕೈಯಿಂದಲೇ ಪ್ರಾಣ ಬಿಟ್ಟನು. ಗೆದ್ದವರು ರೋಮಿನಲ್ಲಿ ಅವನ ಪ್ರತಿಮೆಗಳನ್ನು ಕೆಡವಿದರೂ ಅವನ ಹೆಸರು ಅಳಿಯಲಿಲ್ಲ. ಮುಂದೆ ಆಂತೋನಿನಸ್ ಎಂಬ ಚಕ್ರವರ್ತಿಗಳು ರೋಮನ್ನು ಆಳಿದರು. ಕ್ರಿಸ್ತಶಕ 166ರಲ್ಲಿ ಪಶ್ಚಿಮದ ದೊರೆ ‘ಆನ್‌ದುನ್’ ಎಂಬಾತನ ಹೆಸರಿನಲ್ಲಿ ದೂತರು ಬಂದರೆಂದು ಚೀನಾದ ಹಳೆಯ ಇತಿಹಾಸ ಗ್ರಂಥದಲ್ಲಿ ದಾಖಲೆಯಿದೆ. ಆಂತೋನಿನಸ್ ಎಂಬುದೇ ಚೀನೀಯರ ಬಾಯಲ್ಲಿ ಆನ್‌ದುನ್ ಆಗಿತ್ತು.

ಇಲ್ಲಿಯವರೆಗೆ ಇದು ಅಧಿಕಾರದ ಹೆಸರು. ಅದನ್ನು ತ್ಯಾಗದ ಹೆಸರನ್ನಾಗಿ ಮಾಡಿದವನು ಈಜಿಪ್ಟಿನ ಒಬ್ಬ ಸಿರಿವಂತ ರೈತನ ಮಗ. ಈಜಿಪ್ಟು ಆಗ ರೋಮನರ ಆಳ್ವಿಕೆಯಲ್ಲಿತ್ತು. ಆದ್ದರಿಂದ ಅಲ್ಲಿಯ ಮಕ್ಕಳಿಗೂ ರೋಮನ್ ಹೆಸರುಗಳು ಬಂದಿದ್ದವು. ಈ ಆಂತೋನಿಯು ಸುಮಾರು 251ರಲ್ಲಿ ಹುಟ್ಟಿದನು. ಇಪ್ಪತ್ತರ ಸುಮಾರಿಗೆ ತಂದೆತಾಯಿಗಳನ್ನು ಕಳೆದುಕೊಂಡನು. ಇದ್ದ ಹೊಲವನ್ನು ಊರವರಿಗೆ ಕೊಟ್ಟು, ಉಳಿದುದನ್ನು ಮಾರಿ ಬಡವರಿಗೆ ಹಂಚಿ, ತಾನು ಮರಳುಗಾಡನ್ನು ಸೇರಿದನು. 356ರಲ್ಲಿ ತೀರಿಕೊಳ್ಳುವವರೆಗೂ ಅವನದು ಏಕಾಂತ ತಪಸ್ಸಿನ ಬಾಳು. ಅಲೆಕ್ಸಾಂಡ್ರಿಯ ನಗರದ ಧರ್ಮಾಧ್ಯಕ್ಷ ಅಥನಾಸಿಯಸ್ ಈತನ ಜೀವನಚರಿತ್ರೆಯನ್ನು ಬರೆದನು. ಅದನ್ನು ಓದಿದ ನೂರಾರು ಜನ ಸಂನ್ಯಾಸವನ್ನು ಹಿಡಿದರು. ಕೆಂಪು ಸಮುದ್ರದ ಸಮೀಪದ ಬೆಟ್ಟದ ಬುಡದಲ್ಲಿ ಆತನ ಹೆಸರಿನ ಮಠವು ಇಂದಿಗೂ ಇದೆ. ವ್ಯಕ್ತಿಯ ಹೆಸರು ಸ್ಥಳಕ್ಕೆ ಬಂದುದು ಹೀಗೆ.

ಸ್ಥಳದ ಹೆಸರು ಮತ್ತೆ ವ್ಯಕ್ತಿಗೆ ಬಂದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ 1195ರ ಸುಮಾರಿಗೆ ಫೆರ್ನಾಂದೊ ಎಂಬ ಹುಡುಗ ಹುಟ್ಟಿದನು. ಕೊಯಿಂಬ್ರದ ಮಠವೊಂದರಲ್ಲಿ ಶಾಸ್ತ್ರಾಧ್ಯಯನ ಮಾಡುತ್ತ ವಿದ್ವಾಂಸನಾದನು. ಧರ್ಮಪ್ರಚಾರಕ್ಕಾಗಿ ಮೊರಾಕೊ ದೇಶಕ್ಕೆ ಹೋಗಿ ಅಲ್ಲಿ ಪ್ರಾಣ ತೆತ್ತ ಐವರು ಬಡ ಸಂನ್ಯಾಸಿಗಳ ಅವಶೇಷಗಳನ್ನು 1220ರಲ್ಲಿ ಆ ಊರಿಗೆ ತಂದರು. ಅದನ್ನು ಕಂಡ ಫೆರ್ನಾಂದೊನ ಮನಸ್ಸು ಕಲಕಿತು. ಮಠದ ನೆಮ್ಮದಿಯನ್ನು ಬಿಟ್ಟು ಆ ಬಡ ಸಂನ್ಯಾಸಿಗಳ ಪಂಥವನ್ನೇ ಸೇರಿದನು. ಅವರು ವಾಸವಾಗಿದ್ದುದು ಊರ ಹೊರಗಿನ ಒಂದು ಪುಟ್ಟ ಆಶ್ರಮದಲ್ಲಿ. ಅದು ಈಜಿಪ್ಟಿನ ತಪಸ್ವಿ ಆಂತೋನಿಯ ಹೆಸರಿನಲ್ಲಿತ್ತು. ಫೆರ್ನಾಂದೊ ತನ್ನ ಹಳೆಯ ಹೆಸರನ್ನು ಬಿಟ್ಟು ಆ ಆಶ್ರಮದ ಹೆಸರನ್ನೇ ತಳೆದು ಆಂತೋನಿಯಾದನು.

ಈ ಆಂತೋನಿಯೂ ಮೊರಾಕೊಗೆ ಹೊರಟನು. ಅಲ್ಲಿ ಕಾಯಿಲೆ ಬಿದ್ದನು. ಊರಿಗೆ ಮರಳುವಾಗ ಬಿರುಗಾಳಿಗೆ ಸಿಕ್ಕಿದ ಹಡಗು ಅವನನ್ನು ಸಿಸಿಲಿಯ ದಡಕ್ಕೆ ಒಯ್ದಿತು. ಹೀಗೆ ಬಯಸದೆ ಬಂದು ಸೇರಿದ ಇಟಲಿಯೇ ಅವನ ಕರ್ಮಭೂಮಿಯಾಯಿತು. ಅವನ ಉಪದೇಶವನ್ನು ಕೇಳಲು ಜನ ಕಿಕ್ಕಿರಿದು ಸೇರುತ್ತಿದ್ದರು. ಸಾಲ ತೀರಿಸಲಾಗದೆ ಸೆರೆಮನೆ ಸೇರುತ್ತಿದ್ದ ಬಡವರ ಪರವಾಗಿ ಅವನು ವಾದಿಸಿದನು. 1231ರಲ್ಲಿ ಪಾದುವಾ ನಗರವು ಅಂಥವರಿಗೆ ಅನುಕೂಲವಾಗುವಂತೆ ಕಾನೂನನ್ನು ತಿದ್ದಿತು. ಅದೇ ವರ್ಷ ಜೂನ್ 13ರಂದು ಪಾದುವಾದ ಬಳಿ ಆತನು ಕಾಲವಾದನು. ಒಂದು ವರ್ಷ ತುಂಬುವ ಮೊದಲೇ, 1232ರಲ್ಲಿ, ಪೋಪರು ಆತನನ್ನು ಸಂತನೆಂದು ಘೋಷಿಸಿದರು. ಅವನ ಸಮಾಧಿಯ ಮೇಲೆ ದೊಡ್ಡದೊಂದು ದೇವಾಲಯದ ಕೆಲಸ ಅದೇ ವರ್ಷ ಆರಂಭವಾಯಿತು.

ಆ ಕಾಲದ ಕನ್ನಡ ನಾಡನ್ನು ಇಲ್ಲಿ ನೆನೆಯಬಹುದು. ಪಾದುವಾದ ಸಂತನು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, 1230ರಲ್ಲಿ, ಜನ್ನ ಕವಿಯು ‘ಅನಂತನಾಥ ಪುರಾಣ’ವನ್ನು ಪೂರ್ಣಗೊಳಿಸಿದನು. ಪಾದುವಾದಲ್ಲಿ ಶಿಲ್ಪಿಗಳು ಗೋಡೆಯನ್ನು ಎತ್ತುತ್ತಿದ್ದಾಗಲೇ ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯು ಬಳಪದ ಕಲ್ಲಿನಲ್ಲಿ ವಿಗ್ರಹಗಳನ್ನು ಕಡೆದು, ಅವುಗಳ ಕೆಳಗೆ ತನ್ನ ಹೆಸರನ್ನು ಕೊರೆಯುತ್ತಿದ್ದನು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಆದರೆ ಹೆಸರು ಉಳಿಯಬೇಕೆಂಬ ಮನುಷ್ಯನ ಹಂಬಲ ಎರಡೂ ಕಡೆ ಒಂದೇ ಆಗಿತ್ತು.

ಪಾದುವಾದ ಸಂತನ ಕೀರ್ತಿಯಿಂದ ಈ ಹೆಸರು ಯೂರೋಪಿನ ಮನೆಮನೆಗೂ ಹರಡಿತು. ಪ್ರತಿಯೊಂದು ಭಾಷೆಯೂ ಅದನ್ನು ತನ್ನ ಬಾಯಿಗೆ ಹೊಂದುವಂತೆ ತಿದ್ದಿಕೊಂಡಿತು. ಇಟಲಿ ಮತ್ತು ಸ್ಪೇನ್ ದೇಶಗಳಲ್ಲಿ ಅದು ಆಂತೋನಿಯೊ, ಫ್ರಾನ್ಸಿನಲ್ಲಿ ಆಂತ್ವಾನ್, ರಷ್ಯದಲ್ಲಿ ಆಂತೋನ್, ಇಂಗ್ಲೆಂಡಿನಲ್ಲಿ ಆಂಟನಿ. ಗ್ರೀಕ್ ಭಾಷೆಯಲ್ಲಿ ಹೂವಿಗೆ ‘ಆಂಥೊಸ್’ ಎಂಬ ಹೆಸರಿದೆ. ಅದರಿಂದಲೇ ಈ ಹೆಸರು ಬಂದಿರಬೇಕೆಂದು ಕೆಲವರು ಊಹಿಸಿದ್ದರಿಂದ ಇಂಗ್ಲಿಷ್ ಬರವಣಿಗೆಯಲ್ಲಿ ಇಲ್ಲದ ಒಂದು ಅಕ್ಷರ ಬಂದು ಸೇರಿತು. ಊಹೆ ತಪ್ಪೆಂದು ಗೊತ್ತಾದ ಮೇಲೂ ಆ ಅಕ್ಷರ ಹೊರಗೆ ಹೋಗಲಿಲ್ಲ.

ಈ ಹೆಸರನ್ನು ಹೊತ್ತವರಲ್ಲಿ ಎಲ್ಲ ಬಗೆಯವರೂ ಇದ್ದಾರೆ. ಹಾಲೆಂಡಿನ ಬಟ್ಟೆ ವ್ಯಾಪಾರಿ ಆಂತೋನಿ ಲೇವನ್‌ಹುಕ್ ತಾನೇ ಉಜ್ಜಿ ಸಿದ್ಧಪಡಿಸಿದ ಮಸೂರದಿಂದ ಒಂದು ಹನಿ ನೀರಿನೊಳಗಿನ ಸೂಕ್ಷ್ಮಜೀವಿಗಳ ಲೋಕವನ್ನು ಕಂಡನು. ಆಮ್ಲಜನಕಕ್ಕೆ ಹೆಸರಿಟ್ಟ ಫ್ರಾನ್ಸಿನ ಆಂತ್ವಾನ್ ಲವಾಸಿಯೆ ಆಧುನಿಕ ರಸಾಯನಶಾಸ್ತ್ರದ ಜನಕನೆನಿಸಿದನು. ರಷ್ಯದ ಆಂತೋನ್ ಚೆಕಾಫ್ ವೃತ್ತಿಯಿಂದ ವೈದ್ಯ, ಪ್ರವೃತ್ತಿಯಿಂದ ಕಥೆಗಾರ. ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು ಜೀವಮಾನವಿಡೀ ಹೋರಾಡಿದ ಅಮೆರಿಕದ ಸೂಸನ್ ಆಂಟನಿಗೆ ಇದು ಮನೆತನದ ಹೆಸರಾಗಿ ಬಂದಿತ್ತು. ಇಟಲಿಯ ಕ್ರೆಮೋನದಲ್ಲಿ ಪಿಟೀಲುಗಳನ್ನು ಮಾಡುತ್ತಿದ್ದ ಆಂತೋನಿಯೊ ಸ್ತ್ರಾದಿವಾರಿಯನ್ನು ಮೀರಿಸಿದವರು ಇನ್ನೂ ಬಂದಿಲ್ಲವೆಂಬ ಮಾತಿದೆ. ಆ ಪಿಟೀಲಿಗೆ ಏಳು ತಂತಿಗಳನ್ನು ಬಿಗಿದು ಕರ್ನಾಟಕ ಸಂಗೀತವನ್ನು ನುಡಿಸಿದವರು ನಮ್ಮ ತಿರುಮಕೂಡಲಿನ ಚೌಡಯ್ಯನವರು. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡು ಅವರು ಅದನ್ನು ನಾಡಿನಾಚೆಗೂ ಒಯ್ದರು.

ಇನ್ನು ಊರುಗಳ ವಿಷಯ. ಒಂದು ಹೆಸರು ಹೊಸ ನೆಲಕ್ಕೆ ಬರುವುದರಲ್ಲಿ ಎರಡು ಬಗೆಯುಂಟು.

ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಸಾನ್ ಆಂಟೋನಿಯೊ ಎಂಬ ಮಹಾನಗರವಿದೆ. 1691ರಲ್ಲಿ ಸ್ಪೇನಿನವರ ದಂಡೊಂದು ಅಲ್ಲಿಯ ನದೀತೀರಕ್ಕೆ ಬಂದು ಬೀಡುಬಿಟ್ಟಿತು. ಅಂದು ಜೂನ್ 13, ಸಂತ ಆಂತೋನಿಯ ಹಬ್ಬದ ದಿನ. ಆದ್ದರಿಂದ ಬಂದವರು ಆ ಜಾಗಕ್ಕೆ ಸಂತನ ಹೆಸರನ್ನಿಟ್ಟರು. ಆ ತೀರದಲ್ಲಿ ಪಯಾಯ ಎಂಬ ಮೂಲನಿವಾಸಿಗಳು ಮೊದಲೇ ಮನೆಮಾಡಿಕೊಂಡಿದ್ದರು. ಅವರ ನುಡಿಯಲ್ಲಿ ಆ ಜಾಗಕ್ಕೆ ‘ಯಾನಾಗುವಾನ’ ಎಂಬ ಹೆಸರಿತ್ತು. ಹೊಸ ಹೆಸರು ಬಂದಿತು. ಹಳೆಯ ಹೆಸರು ಹಿಂದೆ ಸರಿಯಿತು. ಇಂದು ಅದನ್ನು ಹುಡುಕುವವರು ಚರಿತ್ರೆಯ ಪುಟಗಳನ್ನು ತಿರುವಬೇಕಾಗಿದೆ. ಬಲದ ಜೊತೆಗೆ ಬಂದ ಹೆಸರು ಹೀಗೆ ಬೇರೊಂದು ಹೆಸರನ್ನು ಒರಸಿಬಿಡುವುದುಂಟು.

ಇನ್ನೊಂದು ಬಗೆಯನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಭಾರತಕ್ಕೆ ಈ ಸಂತನ ಹೆಸರನ್ನು ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಅವನು ಅವರ ನಾಡಿನಲ್ಲಿಯೇ ಹುಟ್ಟಿದವನಷ್ಟೆ. ಕೊಚ್ಚಿಯಲ್ಲಿ 1516ರಲ್ಲಿ ಕಟ್ಟಿಮುಗಿಸಿದ ದೇವಾಲಯವನ್ನು ಅವರು ಸಂತ ಆಂತೋನಿಗೆ ಅರ್ಪಿಸಿದರು. 1524ರಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಅಲ್ಲಿಯೇ. ಕರಾವಳಿಯಿಂದ ಈ ಹೆಸರು ಒಳನಾಡಿಗೆ ನಡೆಯಿತು. ಅದು ಬಂದು ನೆಲೆನಿಂತ ತಾಣಗಳಲ್ಲಿ ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿ ಹೆಸರಾದುದು.

ಡೋರ್ನಹಳ್ಳಿಯ ಐತಿಹ್ಯವನ್ನು ಆ ಸೀಮೆಯ ಹಿರಿಯರು ಹೀಗೆ ಹೇಳುತ್ತಾರೆ. ಸುಮಾರು ಎರಡು ಶತಮಾನಗಳ ಹಿಂದೆ ಒಬ್ಬ ರೈತ ಹೊಲವನ್ನು ಉಳುತ್ತಿದ್ದನಂತೆ. ನೇಗಿಲಿನ ಕುಳಕ್ಕೆ ಏನೋ ತಗುಲಿತು. ಮಣ್ಣನ್ನು ಸರಿಸಿ ನೋಡಿದರೆ ಮರದ ಒಂದು ವಿಗ್ರಹ. ಅವನು ಅದನ್ನು ಗೊಂಬೆಯೆಂದು ತಿಳಿದು ಮಕ್ಕಳಿಗೆ ಆಡಲು ಕೊಟ್ಟನು. ರಾತ್ರಿ ಕನಸಿನಲ್ಲಿ ನಿಲುವಂಗಿ ತೊಟ್ಟ ಸಂನ್ಯಾಸಿಯೊಬ್ಬ ಕಾಣಿಸಿಕೊಂಡು, ತನಗೊಂದು ಗುಡಿ ಕಟ್ಟೆಂದನು. ರೈತ ಅದನ್ನು ಲೆಕ್ಕಿಸಲಿಲ್ಲ. ಮನೆಗೆ ಕಷ್ಟಗಳು ಒದಗಿದವು. ಕೊನೆಗೆ ಅವನು ಚಿಕ್ಕದೊಂದು ಗುಡಿಯನ್ನು ಕಟ್ಟಿದನು. ಆ ವಿಗ್ರಹ ಸಂತ ಅಂತೋಣಿಯದೆಂದು ಆಮೇಲೆ ತಿಳಿಯಿತು.

ಈ ಐತಿಹ್ಯದ ಸ್ವರೂಪವನ್ನು ಗಮನಿಸಿ. ಉಳುವ ನೇಗಿಲಿಗೆ ವಿಗ್ರಹ ತಗುಲುವುದು, ಕನಸಿನಲ್ಲಿ ಅಪ್ಪಣೆಯಾಗುವುದು, ಮೊದಲು ಅಲಕ್ಷ್ಯ, ಆಮೇಲೆ ಅರಿವು: ನಮ್ಮ ನಾಡಿನ ಎಷ್ಟು ಊರುಗಳ ದೇವರ ಕಥೆ ಹೀಗಿಲ್ಲ! ಲಿಸ್ಬನ್ನಿನಲ್ಲಿ ಹುಟ್ಟಿ ಪಾದುವಾದಲ್ಲಿ ಮಡಿದ ಸಂತನು ಕನ್ನಡದ ಹೊಲದಲ್ಲಿ, ಕನ್ನಡದ ಕಥೆಯೊಳಗೆ ಇನ್ನೊಮ್ಮೆ ಹುಟ್ಟಿದನು. ಊರು ತನ್ನ ಹೆಸರನ್ನು ಬಿಟ್ಟುಕೊಡಲಿಲ್ಲ. ಅದು ಡೋರ್ನಹಳ್ಳಿಯಾಗಿಯೇ ಉಳಿಯಿತು. ಸಂತನೇ ‘ಡೋರ್ನಹಳ್ಳಿಯ ಅಂತೋಣಿ’ಯಾದನು. ಬಂದ ಹೆಸರು ಇದ್ದ ಹೆಸರನ್ನು ಒರಸಲಿಲ್ಲ; ಅದರ ಪಕ್ಕದಲ್ಲಿ ಕುಳಿತಿತು. ಮುಂಗಾರಿನ ಮೊದಲ ಮಳೆ ಬೀಳುವ ಕಾಲದಲ್ಲಿ, ಜೂನ್ 13ರಂದು, ಅಲ್ಲಿ ಹಬ್ಬ ನಡೆಯುತ್ತದೆ. ಮಂಗಳವಾರಗಳಲ್ಲಿಯೂ ಭಕ್ತರು ಬರುತ್ತಾರೆ. ಬರುವವರು ಕ್ರೈಸ್ತರು ಮಾತ್ರವೇ ಅಲ್ಲ; ಎಲ್ಲ ಮತದ ಒಕ್ಕಲು ಮಕ್ಕಳೂ ಅಲ್ಲಿ ಹರಕೆ ಹೊರುತ್ತಾರೆ. 2019ರಲ್ಲಿ ಆ ದೇವಾಲಯಕ್ಕೆ ‘ಬೆಸಿಲಿಕಾ’ ಎಂಬ ಗೌರವದ ಪದವಿ ದೊರೆಯಿತು. ಭಾರತಕ್ಕೂ ಶ್ರೀಲಂಕಾಕ್ಕೂ ನಡುವೆ ಇರುವ ಕಚ್ಚತೀವು ಎಂಬ ನಿರ್ಜನ ದ್ವೀಪದಲ್ಲಿಯೂ ಈ ಸಂತನ ಗುಡಿಯೊಂದಿದೆ. ಅದರ ವಾರ್ಷಿಕ ಹಬ್ಬಕ್ಕೆ ಎರಡೂ ದೇಶಗಳ ಬೆಸ್ತರು ದೋಣಿಗಳಲ್ಲಿ ಬಂದು ಸೇರುತ್ತಾರೆ.

ಕನ್ನಡವು ಈ ಹೆಸರನ್ನು ಬರಮಾಡಿಕೊಂಡ ರೀತಿ ಭಾಷೆಯ ಅಭ್ಯಾಸಿಗಳಿಗೆ ಒಳ್ಳೆಯ ಪಾಠ. ನಮ್ಮಲ್ಲಿ ‘ರಾಮನೇ’ ಎಂಬ ಸಂಬೋಧನೆಯ ರೂಪವಿರುವಂತೆ ಲ್ಯಾಟಿನ್ನಿನಲ್ಲಿಯೂ ಉಂಟು. ಆಂತೋನಿಯಸ್‌ನನ್ನು ಕೂಗಿ ಕರೆಯುವಾಗ ‘ಆಂತೋನಿ’ ಎನ್ನಬೇಕು. 1960ರ ದಶಕದಲ್ಲಿ ಕಥೋಲಿಕ ಧರ್ಮಸಭೆಯು ಜನರ ಭಾಷೆಗಳಿಗೆ ಎಡೆಕೊಡುವವರೆಗೂ ನಮ್ಮ ಹಳ್ಳಿಗಳ ಚರ್ಚುಗಳಲ್ಲಿಯೂ ಪೂಜೆ ಲ್ಯಾಟಿನ್ನಿನಲ್ಲಿಯೇ ನಡೆಯುತ್ತಿತ್ತು. ಚರ್ಚಿನೊಳಗೆ ಲ್ಯಾಟಿನ್ ಕೇಳಿದ ಜನ ಮನೆಗೆ ಬಂದು ಮಗುವನ್ನು ಕರೆದುದು ಮಾತ್ರ ಕನ್ನಡದಲ್ಲಿ. ‘ಅಪ್ಪ’ ಸೇರಿ ಅಂತೋಣಪ್ಪ, ಅಂತಪ್ಪ. ‘ಅಮ್ಮ’ ಸೇರಿ ಅಂತೋಣಮ್ಮ. ಇಗ್ನಾತಿಯಸ್ ಎಂಬ ಲ್ಯಾಟಿನ್ ಹೆಸರು ಇನ್ನಾಸಪ್ಪ ಆಯಿತು. ಮರಿಯ ಎಂಬುದು ಮರಿಯಮ್ಮ, ಮರಿಯಪ್ಪ ಎಂದಾಯಿತು. ನಂಜುಂಡನಿಗೆ ‘ಅಪ್ಪ’ನನ್ನು ಸೇರಿಸಿದ ನಾಲಗೆಯೇ ಆಂತೋನಿಗೂ ‘ಅಪ್ಪ’ನನ್ನು ಸೇರಿಸಿತು. ಹೆತ್ತವರನ್ನು ಕರೆಯುವ ಮಾತನ್ನು ಸೇರಿಸಿದ ಮೇಲೆ ಯಾವ ಹೆಸರು ತಾನೇ ಪರಕೀಯವಾಗಿ ಉಳಿದೀತು?

ಕೆಲವು ಹೆಸರುಗಳನ್ನು ನಮ್ಮವರು ಅರ್ಥ ತಿಳಿದು ಬದಲಾಯಿಸಿಕೊಂಡರು. ‘ಪಾವುಲುಸ್’ ಎಂಬ ಲ್ಯಾಟಿನ್ ಪದಕ್ಕೆ ಸಣ್ಣವನು ಎಂದರ್ಥ. ‘ಚಿನ್ನ’ ಎಂದರೆ ತಮಿಳಿನಲ್ಲಿ ಸಣ್ಣದು. ಆದ್ದರಿಂದ ಸಂತ ಪೌಲನು ತಮಿಳು ನಾಡಿನಲ್ಲಿ ಚಿನ್ನಪ್ಪರ್ ಆದನು; ಅಲ್ಲಿಂದ ನಮ್ಮ ಕ್ರೈಸ್ತ ಮನೆಗಳಿಗೆ ಚಿನ್ನಪ್ಪನಾಗಿ ಬಂದನು. ಸಂತ ಪೇತ್ರನು ರಾಯಪ್ಪನಾದನು. ಹೆಸರನ್ನು ಕೇಳಿದೊಡನೆ ಮತವನ್ನು ನಿರ್ಣಯಿಸಿಬಿಡಬಹುದೆಂಬ ಎಣಿಕೆ ಇಲ್ಲಿ ಸೋಲುತ್ತದೆ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ ಕನ್ನಡಿಗರ ಕೈಗಿತ್ತ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಧರ್ಮಗುರುಗಳಾಗಿದ್ದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಂತ ಆಂತೋನಿ ಬಿಟ್ಟುಬಂದ ಫೆರ್ನಾಂದೊ ಎಂಬ ಹೆಸರಿನ ಜರ್ಮನ್ ರೂಪ ಫರ್ಡಿನಾಂಡ್. 1894ರಲ್ಲಿ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲ್ ಅವರ ಹೆಸರು ಅದೇ.

ನಮ್ಮ ಮೈಸೂರು ಸೀಮೆಯ ಚರಿತ್ರೆಯಲ್ಲಿ ಇನ್ನೊಬ್ಬ ಆಂತೋನಿ ಇದ್ದಾನೆ. ಅವನು ಜಾನ್ ಆಂತ್ವಾನ್ ದ್ಯುಬ್ವಾ ಎಂಬ ಫ್ರೆಂಚ್ ಪಾದ್ರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಒಗ್ಗೂಡಿಸುವುದಕ್ಕಾಗಿ ಆತನು ಇಲ್ಲಿಗೆ ಬಂದನು. ಗಂಜಾಮಿನಲ್ಲಿಯೂ ಹಾಸನದ ಸಮೀಪದ ಸಾತಳ್ಳಿಯಲ್ಲಿಯೂ ಕೆಲಸ ಮಾಡಿದನು. ಇಲ್ಲಿಯ ಉಡುಗೆಯನ್ನು ಉಟ್ಟು, ಇಲ್ಲಿಯ ಊಟವನ್ನು ಉಂಡು ಜನರ ನಡುವೆ ಬಾಳಿದನು. ಸಿಡುಬು ಊರೂರುಗಳನ್ನೇ ಬರಿದು ಮಾಡುತ್ತಿದ್ದ ಕಾಲವದು. ಜೆನ್ನರನ ದೇವಿ ಹಾಕುವ ವಿಧಾನವು 1802ರಲ್ಲಿ ಭಾರತವನ್ನು ಮುಟ್ಟಿತು. ಮರುವರ್ಷವೇ ದ್ಯುಬ್ವಾ ಅದನ್ನು ಮೈಸೂರು ಸೀಮೆಯಲ್ಲಿ ಕೈಗೊಂಡನು. 1803-04ರಲ್ಲಿ ಆತನ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ದೇವಿ ಹಾಕಿದುದು ದಾಖಲೆಯಾಗಿದೆ. ಹೊಸ ಚಿಕಿತ್ಸೆಗೆ ಅಂಜುತ್ತಿದ್ದ ಅಷ್ಟೊಂದು ಜನರನ್ನು ಒಪ್ಪಿಸಿದ್ದು ಸಾಮಾನ್ಯ ಕೆಲಸವಲ್ಲ. ಹಿಂದೂಗಳ ನಡೆನುಡಿಗಳನ್ನು ಕುರಿತ ಆತನ ಗ್ರಂಥ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹುಭಾಗಕ್ಕೆ ಹಿಂದಿನ ಫ್ರೆಂಚ್ ಪಾದ್ರಿಯೊಬ್ಬನ ಬರಹ ಆಧಾರವೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಅದರಲ್ಲಿ ನಮ್ಮವರ ಬಗೆಗೆ ಕಟುವಾದ ಮಾತುಗಳೂ ಇವೆ. ಆದರೆ ಸಿಡುಬಿನಿಂದ ಉಳಿದ ಜೀವಗಳ ಲೆಕ್ಕವೇ ಬೇರೆ. ಹಳ್ಳಿಯ ಜನ ಅವನನ್ನು ಆಂತ್ವಾನ್ ಎನ್ನಲಿಲ್ಲ. ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಯೋಗ್ಯತೆಯನ್ನು ಕಂಡು ಜನರೇ ಇಟ್ಟ ಹೆಸರು ಅದು.

ಇಷ್ಟು ದೂರದ ಸಂಗತಿಗಳನ್ನೆಲ್ಲ ಹೇಳಿದುದಕ್ಕೆ ಹತ್ತಿರದ ಕಾರಣವೊಂದಿದೆ. ನಾನು ಉಪಾಧ್ಯಾಯನಾಗಿದ್ದಾಗ ಒಂಬತ್ತನೆಯ ತರಗತಿಯಲ್ಲಿ ಈ ಹೆಸರಿನ ಹುಡುಗನೊಬ್ಬನಿದ್ದನು. ಅವನ ತಾತ ಮುತ್ತಾತಂದಿರು ಅದೇ ಊರಿನ ಹೊಲಗಳನ್ನು ಉತ್ತವರು. ಕನ್ನಡ ಪದ್ಯಗಳನ್ನು ತರಗತಿಯಲ್ಲಿ ಅವನಷ್ಟು ಚೆನ್ನಾಗಿ ಓದುವವರಿರಲಿಲ್ಲ. ಆದರೂ ಜೊತೆಯ ಹುಡುಗರು, “ನಿನ್ನ ಹೆಸರು ಯಾವ ದೇಶದ್ದೋ? ನಿಮ್ಮ ದೇಶಕ್ಕೆ ಯಾವಾಗಲೋ ಹೋಗುವುದು?” ಎಂದು ಅಣಕಿಸುತ್ತಿದ್ದರು. ಒಂದು ದಿನ ಅವನು ಬಳಿಗೆ ಬಂದು ಮೆಲ್ಲಗೆ, “ಹಾಜರಿ ಕರೆಯುವಾಗ ನನ್ನ ನಂಬರು ಮಾತ್ರ ಕರೆಯಿರಿ, ಸಾರ್” ಎಂದನು. ಹುಡುಗನೊಬ್ಬ ತಂದೆತಾಯಿ ಇಟ್ಟ ಹೆಸರಿಗಿಂತ ಒಂದು ಅಂಕಿಯೇ ಮೇಲೆಂದು ಬಯಸಿದ ಆ ಗಳಿಗೆ ನನಗೆ ಇಂದಿಗೂ ಮರೆಯದು.

ನಾನು ಯಾರನ್ನೂ ಗದರಿಸಲಿಲ್ಲ. ಪ್ರತಿಯೊಬ್ಬರೂ ಮನೆಯಲ್ಲಿ ಹಿರಿಯರನ್ನು ಕೇಳಿ ತಮ್ಮ ಹೆಸರಿನ ಕಥೆಯನ್ನು ಬರೆದುಕೊಂಡು ಬರಬೇಕೆಂದು ಹೇಳಿದೆನು. ವಾರ ಕಳೆದ ಮೇಲೆ ಕಥೆಗಳು ಬಂದವು. ಒಬ್ಬನ ಹೆಸರಿನಲ್ಲಿ ಮರಾಠಿಯ ಮಾತಿತ್ತು, ಇನ್ನೊಬ್ಬಳ ಹೆಸರಿನಲ್ಲಿ ಪಾರಸಿಯ ಮಾತು. ಒಬ್ಬನಿಗೆ ಆಂಧ್ರದ ಬೆಟ್ಟದ ದೇವರ ಹೆಸರು, ಮತ್ತೊಬ್ಬನಿಗೆ ತಮಿಳು ನಾಡಿನ ಕ್ಷೇತ್ರದ ಹೆಸರು. ಹೆಚ್ಚಿನವರದು ಸಂಸ್ಕೃತದ ಹೆಸರುಗಳು. ಅಚ್ಚಗನ್ನಡದ ಹೆಸರುಳ್ಳವರು ಬೆರಳೆಣಿಕೆಯಷ್ಟು ಮಂದಿ. ಎಲ್ಲರೂ ಓದಿ ಮುಗಿಸುವ ವೇಳೆಗೆ ಆ ಹುಡುಗನ ಹೆಸರು ಹಲವು ಹೆಸರುಗಳಲ್ಲಿ ಒಂದಾಗಿತ್ತು. ಮರುದಿನ ನಾನು ಹೆಸರು ಹಿಡಿದು ಕರೆದಾಗ ಅವನು ಎದ್ದು ನಿಂತು “ಬಂದಿದ್ದೇನೆ, ಸಾರ್” ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದನು.

ಹೆಸರು ಎಲ್ಲಿ ಹುಟ್ಟಿತು ಎಂಬುದು ಚರಿತ್ರೆಯ ಪ್ರಶ್ನೆ. ಅದನ್ನು ಹೊತ್ತವನು ಎಲ್ಲಿಯವನು ಎಂಬುದು ಬೇರೆಯ ಪ್ರಶ್ನೆ. ಮೊದಲನೆಯದರ ಉತ್ತರದಿಂದ ಎರಡನೆಯದನ್ನು ನಿರ್ಣಯಿಸುವುದು ಅವಿವೇಕ. ರೋಮಿನ ಸೇನಾಪತಿ, ಈಜಿಪ್ಟಿನ ತಪಸ್ವಿ, ಪಾದುವಾದ ಸಂತ, ಹಾಲೆಂಡಿನ ವ್ಯಾಪಾರಿ ಇವರೆಲ್ಲರಿಗೂ ಸೇರಿದ್ದ ಹೆಸರು ಕಾವೇರಿ ಬಯಲಿನ ರೈತನ ಮಗನಿಗೂ ಅಷ್ಟೇ ಸೇರಿದ್ದು. ಹೆಸರು ದೂರದಿಂದ ಬಂದಿರಬಹುದು. ಕರೆಯುವ ದನಿ ಹತ್ತಿರದ್ದಾದರೆ ಸಾಕು, ಅದು ನಮ್ಮದಾಗುತ್ತದೆ.

ಪದಗಳ ಅರ್ಥ

ದಂಡನಾಯಕ – ಸೇನಾಪತಿ
ಐತಿಹ್ಯ – ಬಾಯಿಂದ ಬಾಯಿಗೆ ಬಂದ ಹಳೆಯ ಕಥೆ
ನಿದರ್ಶನ – ಉದಾಹರಣೆ
ಕುಳ – ನೇಗಿಲಿನ ಕಬ್ಬಿಣದ ಮೊನೆ
ನಿಲುವಂಗಿ – ಕಾಲಿನವರೆಗೆ ಇಳಿಬಿದ್ದ ಉದ್ದವಾದ ಅಂಗಿ
ದೇವಿ ಹಾಕು – ಸಿಡುಬು ಬಾರದಂತೆ ಚುಚ್ಚಿ ಮದ್ದು ಕೊಡು
ಪರಕೀಯ – ಹೊರಗಿನ, ಬೇರೆಯವರದಾದ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ಸೋಮನಾಥಪುರಕ್ಕೆ ಆ ಹೆಸರು ಹೇಗೆ ಬಂದಿತು?
2. ಫೆರ್ನಾಂದೊ ಆಂತೋನಿ ಎಂಬ ಹೆಸರನ್ನು ಎಲ್ಲಿಂದ ಪಡೆದನು?
3. ಜನರು ದ್ಯುಬ್ವಾನನ್ನು ಏನೆಂದು ಕರೆಯುತ್ತಿದ್ದರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಸಾನ್ ಆಂಟೋನಿಯೊ ಮತ್ತು ಡೋರ್ನಹಳ್ಳಿಗಳಿಗೆ ಸಂತನ ಹೆಸರು ಬಂದ ರೀತಿಯಲ್ಲಿ ಇರುವ ವ್ಯತ್ಯಾಸವೇನು?
2. ಕನ್ನಡಿಗರು ಲ್ಯಾಟಿನ್ ಹೆಸರುಗಳನ್ನು ತಮ್ಮದಾಗಿಸಿಕೊಂಡ ಬಗೆಯನ್ನು ಉದಾಹರಣೆಗಳೊಡನೆ ವಿವರಿಸಿ.
3. ಹುಡುಗನು ತನ್ನ ನಂಬರನ್ನು ಮಾತ್ರ ಕರೆಯಬೇಕೆಂದು ಕೇಳಿಕೊಂಡುದೇಕೆ? ಉಪಾಧ್ಯಾಯರು ಏನು ಮಾಡಿದರು?

ಇ) ಸಂದರ್ಭ ಸಹಿತ ವಿವರಿಸಿ.
1. “ಬಂದ ಹೆಸರು ಇದ್ದ ಹೆಸರನ್ನು ಒರಸಲಿಲ್ಲ.”
2. “ಬಂದಿದ್ದೇನೆ, ಸಾರ್.”

ಈ) ಮಾಡಿ ನೋಡಿ.
ನಿಮ್ಮ ಹೆಸರಿನ ಕಥೆಯನ್ನೂ ನಿಮ್ಮ ಊರಿನ ಹೆಸರಿನ ಕಥೆಯನ್ನೂ ಮನೆಯ ಹಿರಿಯರಿಂದ ಕೇಳಿ ತಿಳಿದು, ಒಂದು ಪುಟಕ್ಕೆ ಮೀರದಂತೆ ಬರೆಯಿರಿ.